ನಲವತ್ತೊಂದನೆಯ ಹೆಸರು

ನನ್ನ ಅಜ್ಜಿ ಒಡೀಲ್ ಹೇಳುತ್ತಿದ್ದ ಕಥೆಗಳೆಲ್ಲ ಕಿರೀಟದ ಹತ್ತಿರ ಬಂದು ನಿಂತುಬಿಡುತ್ತಿದ್ದವು. ಮೂವರು ಅಣ್ಣತಮ್ಮಂದಿರಲ್ಲಿ ಕಿರಿಯವನು ಸರೋವರದ ತಳಕ್ಕೆ ಮುಳುಗಿ, ಅಲ್ಲಿ ಮೀನುಗಳು ಕಾವಲಿದ್ದ ಬೆಳ್ಳಿಯ ಗಂಟೆಯನ್ನು ತರುತ್ತಿದ್ದ. ರಾಜ ಅವನ ಒದ್ದೆ ತಲೆಯ ಮೇಲೆ ಕಿರೀಟ ಇಡುತ್ತಿದ್ದ. ಅಜ್ಜಿ ಹೆಣಿಗೆ ಮಡಚಿ ಎದ್ದುಬಿಡುತ್ತಿದ್ದಳು.

"ಆಮೇಲೆ?" ಎಂದು ನಾನು ಅವಳ ಉಡುಪಿನ ಅಂಚು ಹಿಡಿದು ಜಗ್ಗುತ್ತಿದ್ದೆ.

"ಆಮೇಲೇನು? ಮಾರನೇ ದಿನ ಬೆಳಗ್ಗೆ ಎದ್ದು ಅವನೂ ಹಸು ಕರೀಬೇಕು. ಅದನ್ನ ಯಾರು ಕೇಳ್ತಾರೆ, ಬಿಡು."

ನನಗೆ ಗಂಟೆ, ಮೀನು, ಒದ್ದೆ ಕೂದಲು ಸಾಕಾಗಿತ್ತು. ಅಜ್ಜಿಗೆ ಮಾತ್ರ ಆ ಮಾರನೇ ದಿನದ ಮೇಲೆಯೇ ಕಣ್ಣು. ಆ ಕಣ್ಣಿಗೆ ನಮ್ಮ ಆಲ್ಡರ್ ಪಾಯಿಂಟಿನಲ್ಲಿ ಬೆಲೆಯಿತ್ತು.

ನಲವತ್ತು ವರ್ಷಗಳ ಹಿಂದೆ ಊರಿನ ಫೈರ್ ಹಾಲ್‌ನಲ್ಲಿ ಹತ್ತು ಜನ ಸೇರಿ ಒಂದು ಫ್ಯಾಂಟಸಿ ಬೇಸ್‌ಬಾಲ್ ಲೀಗ್ ಶುರುಮಾಡಿದ್ದರು. ಅವರಲ್ಲಿ ಹೆಂಗಸು ಅಂತ ಇದ್ದವಳು ಅಜ್ಜಿ ಒಬ್ಬಳೇ. ಮಾರ್ಚ್ ತಿಂಗಳ ಒಂದು ಶನಿವಾರ ಎಲ್ಲರೂ ಸರದಿಯ ಪ್ರಕಾರ ನಿಜವಾದ ಆಟಗಾರರ ಹೆಸರು ಕೂಗಿ ತಮ್ಮ ತಮ್ಮ ಕಾಗದದ ತಂಡ ಕಟ್ಟಿಕೊಳ್ಳುತ್ತಾರೆ. ಬೇಸಿಗೆಯಿಡೀ ಆ ಆಟಗಾರರು ದೂರದ ಮೈದಾನಗಳಲ್ಲಿ ಹೊಡೆದ ಹೋಮ್ ರನ್ನು, ಎಸೆಯುವವನ ಕಣ್ಣು ತಪ್ಪಿಸಿ ಓಡಿ ಕದ್ದ ಬೇಸು, ಗಳಿಸಿದ ರನ್ನುಗಳೆಲ್ಲ ಇಲ್ಲಿ ನಮ್ಮ ಅಂಕಗಳಾಗುತ್ತವೆ. ಹಳೆಯ ತಂಡದಿಂದ ಇಬ್ಬರನ್ನು ಮಾತ್ರ ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬಹುದು. ಇಬ್ಬರು ಸೇರಿ ಆಟಗಾರರನ್ನು ಅದಲುಬದಲು ಮಾಡಿಕೊಂಡರೆ, ಹಳೇ ಅಗ್ನಿಶಾಮಕ ಬಂಡಿಯ ಹಿತ್ತಾಳೆ ಗಂಟೆಯನ್ನು ಒಮ್ಮೆ ಬಾರಿಸಬೇಕು. ಗಂಟೆ ಹೊಡೆದ ಮೇಲೆ ಮಾತು ಹಿಂತೆಗೆಯುವಂತಿಲ್ಲ.

ಮಾರ್ಚ್‌ನಲ್ಲಿ ಸುಳ್ಳು ಹೇಳುವುದು ನಮ್ಮಲ್ಲಿ ತಪ್ಪಲ್ಲ, ಪದ್ಧತಿ. ತನಗೆ ಬೇಕಾದ ಆಟಗಾರನಿಗೆ ಕಣ್ಣು ಮಂಜಾಗಿದೆಯಂತೆ, ಹೆಂಡತಿ ಬಿಟ್ಟುಹೋದಳಂತೆ, ಮೊಣಕೈಯಲ್ಲಿ ನೀರು ತುಂಬಿದೆಯಂತೆ ಎಂದು ಹಬ್ಬಿಸುತ್ತಾರೆ. ಯಾರೂ ನಂಬುವುದಿಲ್ಲ, ಯಾರಿಗೂ ಬೇಸರವೂ ಇಲ್ಲ. ಒಂದು ಕಾಗದ ಮಾತ್ರ ಈ ಸುಳ್ಳುಗಳ ಹೊರಗಿತ್ತು. ಅದು ಅಜ್ಜಿಯ ಪಟ್ಟಿ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಮೊದಲ ಶುಕ್ರವಾರ, ಊರೆಲ್ಲ ಕರಿದ ಪರ್ಚ್ ಮೀನು ತಿನ್ನಲು ಹಾಲ್‌ಗೆ ಬರುವ ಹೊತ್ತಿಗೆ, ಅವಳು ಅದನ್ನು ಬಾಗಿಲ ಪಕ್ಕದ ಬೋರ್ಡಿಗೆ ಚುಚ್ಚುತ್ತಿದ್ದಳು. ಹಿಂದಿನ ವರ್ಷ ಪ್ರಶಸ್ತಿ ಗೆದ್ದ, ಹೆಸರು ಮಾಡಿದ ಐವತ್ತು ಹೊಸ ಹುಡುಗರು. ಮುಂದಿನ ಬೇಸಿಗೆಯಲ್ಲಿ ನಮ್ಮ ಆಟಕ್ಕೆ ಯಾರು ಎಷ್ಟು ಒದಗುತ್ತಾರೆ ಎಂಬ ಕ್ರಮದಲ್ಲಿ, ಒಂದರಿಂದ ಐವತ್ತರವರೆಗೆ. ತನ್ನವನು, ಪರರವನು ಎಂಬ ಭೇದವಿಲ್ಲ. ಒಂದು ವರ್ಷ ಎಲ್ಲಕ್ಕಿಂತ ದೊಡ್ಡ ಪ್ರಶಸ್ತಿ ಗೆದ್ದವನು ಅವಳ ತಂಡದಲ್ಲೇ ಇದ್ದ. ಅವನನ್ನು ಮೂವತ್ತೆಂಟನೆಯ ಜಾಗಕ್ಕೆ ಹಾಕಿದಳು. ಹಾಲ್ ಪೂರ್ತಿ ನಕ್ಕಿತು. ಜುಲೈ ಹೊತ್ತಿಗೆ ಆ ಹುಡುಗನ ಹೆಸರು ಪತ್ರಿಕೆಯಲ್ಲಿ ಬರುವುದೇ ನಿಂತಿತು. ಆಮೇಲೆ ಯಾರೂ ನಗಲಿಲ್ಲ.

ಅವಳು ತೀರಿಕೊಂಡಾಗ ಕುರ್ಚಿ ನನಗೆ ಬಂತು. ಕುರ್ಚಿ ಅಂದರೆ ನಿಜವಾದ ಕುರ್ಚಿಯೇ. ಮಡಚುವ ಕಬ್ಬಿಣದ್ದು, ಬೆನ್ನಿನ ಮೇಲೆ ನೀಲಿ ಬಣ್ಣದಲ್ಲಿ ODILE ಎಂದು ಬರೆದದ್ದು. ಹತ್ತು ಜನಕ್ಕೆ ಹತ್ತು ಕುರ್ಚಿ. ಸತತ ಎರಡು ವರ್ಷ ಕೊನೆಯವರಾಗಿ ಬಂದವರು ಥಿನ್ನರ್ ಹಚ್ಚಿ ತಮ್ಮ ಹೆಸರನ್ನು ತಾವೇ ಅಳಿಸಿ, ಕುರ್ಚಿಯನ್ನು ಸರದಿಯಲ್ಲಿ ಕಾಯುತ್ತಿರುವವರಿಗೆ ಬಿಟ್ಟುಕೊಡಬೇಕು. ಅಜ್ಜಿಯ ಹೆಸರು ಅಳಿಸಿ ನನ್ನ ಹೆಸರು, ಕೊರಿನ್ ಎಂದು, ಬರೆಯಲು ನಾನು ಒಪ್ಪಿರಲಿಲ್ಲ. ಅದರ ಮೇಲೆ ಕೂತಾಗ ಅವಳ ಮಡಿಲಲ್ಲಿ ಕೂತ ಹಾಗೆಯೇ ಇತ್ತು, ಸ್ವಲ್ಪ ತಣ್ಣಗೆ.

ಮೊದಲ ವರ್ಷ ನಾನು ಕೊನೆಯವಳಾದೆ. ಅಜ್ಜಿಯ ಬದಲು ನಾನು ಮಾಡಿದ ಪಟ್ಟಿ ಚೆನ್ನಾಗಿಯೇ ಬಂದಿತ್ತು, ಎಲ್ಲರೂ ಹೊಗಳಿದರು. ಆದರೆ ತಂಡ ಕಟ್ಟುವಾಗ ನಾನು ಪಟ್ಟಿ ನೋಡಲಿಲ್ಲ. ಹೆಸರು ಚೆಂದ ಇದ್ದವರನ್ನು, ಫೋಟೋದಲ್ಲಿ ಆಕಾಶ ನೋಡುತ್ತಿದ್ದವರನ್ನು ಆರಿಸಿಕೊಂಡೆ. ಇನ್ನೊಂದು ವರ್ಷ ಹಾಗಾದರೆ ODILE ಅಳಿಯುತ್ತದೆ, ಅದೂ ನನ್ನ ಕೈಯಿಂದಲೇ.

ಆ ಮೊದಲ ವರ್ಷವೇ ಬ್ರಿಟೊ ಬಂದದ್ದು.

ಎಲಿಯಾನ್ ಬ್ರಿಟೊನನ್ನು ಆರಿಸಿದ್ದು ನನ್ನ ಚಿಕ್ಕಪ್ಪ ಕ್ಲೆಮ್. ಅಜ್ಜಿಯ ಕಿರಿಯ ಮಗ, ಚೀಸ್ ಕಾರ್ಖಾನೆಯಿಂದ ನಿವೃತ್ತ. ಮೂವತ್ತೊಂದು ವರ್ಷ ಆ ಲೀಗ್‌ನಲ್ಲಿ ಆಡಿ ಒಮ್ಮೆಯೂ ಗೆದ್ದವನಲ್ಲ. ಕೊನೆಯ ಸುತ್ತಿನಲ್ಲಿ, ಉಳಿದವರು ಕೋಟು ಹಾಕಿಕೊಳ್ಳುತ್ತಿದ್ದಾಗ, "ಯಾರೋ ಈ ಹುಡುಗ ಇರ್ಲಿ" ಎಂದು ಬರೆಸಿದ್ದ. ಆ ಹುಡುಗ ಆ ವರ್ಷದ ಶ್ರೇಷ್ಠ ಹೊಸ ಆಟಗಾರನಾದ.

ಅವನನ್ನು ನಾನು ನೋಡಿದ್ದೆ. ಆಗಸ್ಟ್‌ನಲ್ಲಿ ಲೀಗ್‌ನವರೆಲ್ಲ ಬಸ್ಸು ಮಾಡಿಕೊಂಡು ನಗರಕ್ಕೆ ಆಟ ನೋಡಲು ಹೋಗಿದ್ದೆವು. ಬ್ರಿಟೊ ಎರಡನೇ ಬೇಸ್ ಕದ್ದ, ಮುಂದಿನ ಎಸೆತಕ್ಕೆ ಮೂರನೆಯದನ್ನೂ ಕದ್ದ. ಓಡುವಾಗ ಅವನ ಹೆಲ್ಮೆಟ್ ಹಾರಿಹೋಯಿತು. ಧೂಳಿನಿಂದ ಎದ್ದು ನಿಂತು ಬರಿತಲೆಯಲ್ಲಿ ನಕ್ಕ. ಕೂದಲು ಬೆವರಿನಿಂದ ತೊಯ್ದು ಹಣೆಗೆ ಅಂಟಿತ್ತು. ಸರೋವರದ ತಳದಿಂದ ಈಗಷ್ಟೇ ಎದ್ದುಬಂದವನ ಹಾಗಿದ್ದ. ನನ್ನ ಕಿವಿಯಲ್ಲಿ ಗಂಟೆ ಕೇಳಿಸಿತು. ಪಕ್ಕದಲ್ಲಿ ಚಿಕ್ಕಪ್ಪ ಬನ್ನಿನ ಸಾಸೇಜು ತಿನ್ನುತ್ತ, "ನಮ್ಮ ಹುಡುಗ, ನಮ್ಮ ಹುಡುಗ" ಎಂದು ಕಂಡಕಂಡವರಿಗೆ ಹೇಳುತ್ತಿದ್ದ.

ನವೆಂಬರ್‌ನಲ್ಲಿ ಪ್ರಶಸ್ತಿ ಬಂತು. ಚಳಿಗಾಲವಿಡೀ ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಚೀಟಿ ಅಂಟಿಸುತ್ತ ಅವನನ್ನೇ ಯೋಚಿಸುತ್ತಿದ್ದೆ. ಮೂವತ್ತೊಂದು ಬೇಸ್ ಕದ್ದವನು ಮುಂದಿನ ವರ್ಷ ಐವತ್ತು ಕದಿಯುತ್ತಾನೆ. ನಮ್ಮ ಆಟದಲ್ಲಿ ಕದ್ದ ಬೇಸಿನಷ್ಟು ದುರ್ಲಭವಾದದ್ದು ಬೇರೆ ಇಲ್ಲ. ಅವನೊಬ್ಬ ನನ್ನವನಾದರೆ ಕುರ್ಚಿ ಉಳಿಯುತ್ತದೆ. ಫೆಬ್ರವರಿಯಲ್ಲಿ ಪಟ್ಟಿ ಮಾಡಲು ಕೂತಾಗ ನೀಲಿ ಪೆನ್ಸಿಲಿನಲ್ಲಿ ಅವನ ಹೆಸರನ್ನು ನಾಲ್ಕನೆಯದಾಗಿ ಬರೆದೆ. ಆ ಹಾಳೆಯನ್ನು ತುಂಬ ಹೊತ್ತು ನೋಡಿದೆ. ಆಮೇಲೆ ಅದನ್ನು ಅಜ್ಜಿಯ ಅಂಕದ ಪುಸ್ತಕದೊಳಗೆ ಇಟ್ಟು, ಇನ್ನೊಂದು ಹಾಳೆ ತೆಗೆದುಕೊಂಡೆ.

ಶುಕ್ರವಾರ ಬೋರ್ಡಿನ ಮುಂದೆ ಗುಂಪು ಸೇರಿತು. ಶಾಲಾ ಬಸ್ಸು ಓಡಿಸುವ, ನಮ್ಮ ಲೀಗ್‌ನಲ್ಲೇ ಆಡುವ ಬೆವ್ ಜಡಿನ್‌ಗೆ ಕನ್ನಡಕವೂ ಬೇಕಾಗಲಿಲ್ಲ, ಧ್ವನಿಯಂತೂ ಮೊದಲೇ ದೊಡ್ಡದು.

"ಲೇ ಕ್ಲೆಮ್! ನಿನ್ನ ರಾಜಕುಮಾರ ನಲವತ್ತೊಂದನೇ ಮನೇಲಿದ್ದಾನೆ ಕಣೋ! ಅಡುಗೆಮನೆಯಿಂದಾಚೆ, ಕಟ್ಟಿಗೆ ಒಟ್ಟೋ ಜಾಗದಲ್ಲಿ!"

"ಸುಮ್ನಿರೇ, ನಿನ್ನ ಬಸ್ಸಿನ ಬ್ರೇಕು ನೋಡ್ಕೋ ಹೋಗು," ಎಂದ ಚಿಕ್ಕಪ್ಪ. ಆದರೆ ಅವನ ಮುಖ ಇಳಿದಿತ್ತು.

ಅವನು ಯಾವಾಗಲೂ ಮಾಡುವಂತೆ ದೊಡ್ಡ ಪಾತ್ರೆಯಿಂದ ಎರಡು ಲೋಟ ಕಾಫಿ ಹಿಡಿದುಕೊಂಡು ಬಂದ. ಒಂದು ಅವನಿಗೆ, ಒಂದು ನನಗೆ. ಅಜ್ಜಿ ಇದ್ದಾಗ ಅವಳಿಗೆ ತರುತ್ತಿದ್ದ, ಈಗ ನನಗೆ. ಮೀನಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೂತ.

"ಪುಟ್ಟೀ, ನಲವತ್ತೊಂದಾ?"

"ಹೂಂ."

"ಪ್ರಶಸ್ತಿ ಕೊಟ್ಟೋರು ಕುರುಡ್ರಾ ಹಾಗಾದ್ರೆ?"

"ಅವರು ನಮ್ಮಾಟ ಆಡಲ್ಲ ಚಿಕ್ಕಪ್ಪ. ಗೋಡೆ ಹತ್ತಿ ಹಿಡಿದ ಕ್ಯಾಚುಗಳನ್ನ ನೋಡಿ ಕೊಟ್ರು. ಹಿಡಿದಿದ್ದಕ್ಕೆ ನಮ್ಮಲ್ಲಿ ಏನು ಸಿಗುತ್ತೆ?"

"ಸೊನ್ನೆ."

"ಕೊನೇ ಆರು ವಾರ ಮಾತ್ರ ತೆಗೆದು ನೋಡು. ಹೊಡೆತ ಅರ್ಧಕ್ಕರ್ಧ ಬಿದ್ದುಹೋಗಿದೆ. ಎಸೆಯೋರಿಗೆ ಗೊತ್ತಾಗಿಬಿಟ್ಟಿದೆ, ಇವನು ಕಾಯೋನಲ್ಲ, ಕೆಳಗಡೆ ದೂರಕ್ಕೆ ನಿಧಾನವಾಗಿ ಹಾಕಿದ್ರೂ ಬ್ಯಾಟ್ ಬೀಸ್ತಾನೆ ಅಂತ. ನಾಲ್ಕು ಕೆಟ್ಟ ಎಸೆತ ಬಿಟ್ಟು ಸುಮ್ನೆ ನಡ್ಕೊಂಡು ಮೊದಲ ಬೇಸಿಗೆ ಹೋಗಿದ್ದು ವರ್ಷಕ್ಕೆಲ್ಲ ಬರೀ ಇಪ್ಪತ್ತೆರಡು ಸಲ."

"ಆದ್ರೆ ಕಾಲು? ಆ ಕಾಲು ನೋಡಿದ್ಯಲ್ಲ ನೀನು!"

"ಕಾಲಿದ್ದು ಏನ್ಮಾಡ್ತೀಯ, ಮೊದಲ ಬೇಸೇ ಸಿಗದಿದ್ರೆ ಎರಡನೇದನ್ನ ಕದಿಯೋದು ಹೇಗೆ?"

ನನ್ನ ಬಾಯಿಂದ ಬರುತ್ತಿದ್ದದ್ದು ಅಜ್ಜಿಯ ಧ್ವನಿ. ಹೊಸ ಹುಡುಗರನ್ನು ಅಳೆಯುವಾಗ ಅವಳು ನೋಡುತ್ತಿದ್ದದ್ದು ಇವನ್ನೇ. ಪ್ರಶಸ್ತಿಯಲ್ಲಿ ನಮ್ಮ ಆಟಕ್ಕೆ ಬಾರದ ಭಾಗವೆಷ್ಟು, ಎಸೆಯುವವರು ಅವನನ್ನು ಅರಿತ ಮೇಲಿನ ತಿಂಗಳುಗಳು ಹೇಗಿದ್ದವು, ಅವನಿಗೆ ಕಾಯಲು ಬರುತ್ತದೆಯೇ. ಒಂದೂ ಸುಳ್ಳು ಸಂಗತಿಯಲ್ಲ, ಎಲ್ಲ ಪತ್ರಿಕೆಯಲ್ಲಿ ಅಚ್ಚಾದದ್ದೇ. ನಾನು ಮಾತ್ರ ಅವುಗಳಲ್ಲಿ ಒಂದನ್ನೂ ನಂಬಿರಲಿಲ್ಲ. ಬೆಳ್ಳಿಯ ಗಂಟೆ ತಂದವನಿಗೆ ಇಂಥ ಲೆಕ್ಕ ತಗಲುವುದಿಲ್ಲ ಎಂದುಕೊಂಡಿದ್ದೆ.

"ಮತ್ತೆ ಇವನನ್ನ ಏನ್ಮಾಡ್ಲಿ ಹೇಳು," ಎಂದ ಚಿಕ್ಕಪ್ಪ.

"ಪ್ರಶಸ್ತಿ ಇನ್ನೂ ಬಿಸಿ ಇರುವಾಗ್ಲೇ ಯಾರಿಗಾದ್ರೂ ಕೊಟ್ಬಿಡು."

"ನಿನ್ನ ಪಟ್ಟಿ ನೋಡಿದ್ಮೇಲೆ ಯಾವ ಪುಣ್ಯಾತ್ಮ ತಗೋತಾನೆ?"

ಕಾಫಿಯ ಮೇಲಿನ ಹಬೆಯನ್ನು ಊದಿದೆ. ಅವಸರ ಕಾಣಬಾರದಿತ್ತು. "ಬೇಕಾದ್ರೆ ನಾನು ತಗೋತೀನಿ. ಕೆಸ್ಲರ್‌ನ ನಿನಗೆ ಕೊಡ್ತೀನಿ."

ವಾರ್ಡ್ ಕೆಸ್ಲರ್ ನನ್ನ ತಂಡದಲ್ಲಿ ಅಜ್ಜಿ ಬಿಟ್ಟುಹೋದ ಕೊನೆಯ ಆಟಗಾರ. ಮೂವತ್ತನಾಲ್ಕು ವರ್ಷ, ಅಗಲ ಮುಖ, ಪ್ರತಿ ವರ್ಷ ಒಂದೇ ಬಗೆಯ ಅಂಕ. ಅವನಿಗೆ ಯಾರೂ ಎಂದೂ ಪ್ರಶಸ್ತಿ ಕೊಟ್ಟಿರಲಿಲ್ಲ.

"ಕೆಸ್ಲರ್‌ನ? ಈ ನಲವತ್ತೊಂದಕ್ಕೆ?" ಚಿಕ್ಕಪ್ಪ ನನ್ನನ್ನು ದಿಟ್ಟಿಸಿದ. "ನಿನಗೆ ಹುಚ್ಚು ಹಿಡಿದಿದ್ಯಾ? ಈ ವರ್ಷ ನಿನ್ನ ಕುರ್ಚಿ..."

"ನನ್ನ ಕುರ್ಚಿ ನಾನು ನೋಡ್ಕೋತೀನಿ. ಎರಡು ವರ್ಷ ಕಾದ್ರೆ ಹುಡುಗ ಸರಿಹೋಗಬಹುದು. ನಿನಗೆ ಕಾಯೋಕೆ ಎಲ್ಲಿ ಆಗುತ್ತೆ? ನೀನೂ ಒಂದ್ಸಲ ಗೆಲ್ಲಬೇಡ್ವಾ?"

ಆ ಕೊನೆಯ ಮಾತು ನಾನು ಮೊದಲೇ ಯೋಚಿಸಿಟ್ಟುಕೊಂಡದ್ದು. ಅವನ ಕಣ್ಣು ತುಂಬಿತು. ದೊಡ್ಡ ಕೈಯನ್ನು ನನ್ನ ತಲೆಯ ಮೇಲಿಟ್ಟು, "ಥೇಟ್ ನಮ್ಮಮ್ಮನೇ ನೀನು," ಎಂದ. ಅಜ್ಜಿಯ ಹೆಸರಿದ್ದ ಕಬ್ಬಿಣ ನನ್ನ ಬೆನ್ನಿಗೆ ಒತ್ತುತ್ತಿತ್ತು.

ಆ ಪಟ್ಟಿಯ ಒಂದು ಪ್ರತಿಯನ್ನು ಅವನು ಕೇಳಿ ತೆಗೆದುಕೊಂಡ. ನಾಲ್ಕಾಗಿ ಮಡಚಿ ಟೋಪಿಯ ಒಳಪಟ್ಟಿಗೆ ಸಿಕ್ಕಿಸಿಕೊಂಡ. ಅಜ್ಜಿಯ ಪಟ್ಟಿಗಳನ್ನೂ ಹಾಗೆಯೇ ಇಟ್ಟುಕೊಳ್ಳುತ್ತಿದ್ದ.

ಎರಡು ವಾರದ ಮೇಲೆ ಶನಿವಾರ ಮಧ್ಯಾಹ್ನ, ತಂಡ ಕಟ್ಟುವ ಮುಂಚೆ, ಅಧ್ಯಕ್ಷ ರೋಲಿ ವಾಟರ್ಸ್ ಕೇಳಿದರು: "ಕ್ಲೆಮ್, ಖಂಡಿತಾನಾ? ನಾಳೆ ಬಂದು ಅಳಬಾರದು."

"ಅಳೋದಾದ್ರೆ ಅವಳು ಅಳಬೇಕು, ಪಾಪ," ಎಂದ ಚಿಕ್ಕಪ್ಪ. ಗಂಟೆಯ ಹಗ್ಗವನ್ನು ನಾನೇ ಎಳೆದೆ. ಹಿತ್ತಾಳೆಯ ಸದ್ದು ಹಾಲ್‌ನ ಗೋಡೆಗಳಿಗೆ ಬಡಿದು ಬಂತು. ಬೆಳ್ಳಿಯದಲ್ಲ ಎಂದು ಆಗ ನನಗೆ ಅನಿಸಲಿಲ್ಲ.

ಏಪ್ರಿಲ್ ಬಂತು. ಬ್ರಿಟೊ ಅರವತ್ತೊಂದು ಸಲ ಬ್ಯಾಟ್ ಹಿಡಿದು ಒಂಬತ್ತು ಸಲ ಮಾತ್ರ ಹೊಡೆದ. ಕೆಳಗಡೆ, ದೂರಕ್ಕೆ, ನಿಧಾನವಾದ ಎಸೆತ. ಬ್ಯಾಟ್ ಬೀಸುವುದು. ಮತ್ತೆ ಅದೇ ಎಸೆತ. ಎಸೆಯುವವರೆಲ್ಲ ನನ್ನ ಪಟ್ಟಿಯನ್ನೇ ಓದಿಕೊಂಡು ಬಂದವರಂತಿದ್ದರು. ಮೇ ತಿಂಗಳಲ್ಲಿ ಬ್ಯಾಟ್ ಹಿಡಿಯುವ ಸರದಿಯಲ್ಲಿ ಅವನ ಹೆಸರು ಕೊನೆಯದು, ಒಂಬತ್ತನೆಯದಾಯಿತು. ಜೂನ್‌ನಲ್ಲಿ ಅವನನ್ನು ಕೆಳಗಿನ ಲೀಗ್‌ಗೆ ಕಳಿಸಿದರು. ನಾನು ಚಿಕ್ಕಪ್ಪನಿಗೆ ಹೇಳಿದ್ದ ಒಂದೊಂದು ಮಾತೂ, ಹೇಳಿದ ಕ್ರಮದಲ್ಲೇ, ನಿಜವಾಗತೊಡಗಿತು. ಯಾರಿಗೋ ಹಾಕಿದ ಶಾಪ ನನ್ನ ಹೊಸ್ತಿಲಿಗೇ ಬಂದು ಕೂತ ಹಾಗೆ.

ಕೆಸ್ಲರ್ ಮಾತ್ರ ಪ್ರತಿದಿನ ಬೆಳಗ್ಗೆ ಎದ್ದು ಹಸು ಕರೆದ.

ಸೋಮವಾರಗಳಂದು ಅಂಕಗಳು ಬಂದ ಕೂಡಲೇ ಚಿಕ್ಕಪ್ಪ ಫೋನ್ ಮಾಡುತ್ತಿದ್ದ. ತಾನು ಮೊದಲನೆಯವನಾಗಿದ್ದರೂ ಅದರ ಮಾತೆತ್ತುತ್ತಿರಲಿಲ್ಲ.

"ಊಟ ಆಯ್ತಾ ಪುಟ್ಟೀ?"

"ಆಯ್ತು."

"ನಿನ್ನ ಹುಡುಗ ಕೆಳಗಡೆ ಲೀಗ್‌ನಲ್ಲಿ ನಿನ್ನೆ ಎರಡು ಹೊಡೆದನಂತೆ. ಬರ್ತಾನೆ ಬಿಡು ವಾಪಸ್ಸು."

"ಹೂಂ."

"ನನಗೆ ಗೊತ್ತು ಕಣೇ ನೀನು ಏನು ಮಾಡ್ದೆ ಅಂತ. ನಾನು ಅಷ್ಟು ದಡ್ಡ ಅಲ್ಲ. ಗೊತ್ತಿದ್ದೂ ಗೊತ್ತಿದ್ದೂ ಹೊರೆ ನಿನ್ನ ತಲೆ ಮೇಲೆ ಎಳ್ಕೊಂಡೆ."

ಆಗ ಹೇಳಬಹುದಿತ್ತು. ಎಷ್ಟು ಸೋಮವಾರಗಳು! ಪ್ರತಿ ಸಲವೂ ಫೋನಿನ ಆಚೆಯ ಆ ಸಂತೋಷದ ಉಸಿರು ಕೇಳಿ, ನಾಳೆ ಹೇಳೋಣ ಎಂದುಕೊಂಡೆ. ಒಳಗೊಳಗೆ ಇನ್ನೊಂದು ಆಸೆಯೂ ಇತ್ತು: ಬ್ರಿಟೊ ವಾಪಸ್ಸು ಬಂದು ಓಡಿದರೆ, ಕುರ್ಚಿ ಉಳಿದರೆ, ಹೇಳುವ ಅಗತ್ಯವೇ ಬೀಳುವುದಿಲ್ಲ.

ಅವನು ಸೆಪ್ಟೆಂಬರ್‌ನಲ್ಲಿ ಬಂದ. ಋತುವಿನ ಕೊನೆಯ ಭಾನುವಾರ ನಾನು ಹತ್ತನೆಯವಳು, ಬೆವ್ ಒಂಬತ್ತನೆಯವಳು. ಕದ್ದ ಬೇಸುಗಳಲ್ಲಿ ಇನ್ನೊಂದೇ ಒಂದು ನನಗೆ ಸಿಕ್ಕಿದ್ದರೆ ಅವಳು ಕೆಳಗಿಳಿದು ನಾನು ಮೇಲೇರುತ್ತಿದ್ದೆ. ಮಧ್ಯಾಹ್ನ ಅಜ್ಜಿಯ ರೇಡಿಯೋ ಮುಂದೆ ಕೂತೆ. ಏಳನೇ ಸುತ್ತಿನಲ್ಲಿ ಬ್ರಿಟೊ ನಾಲ್ಕು ಕೆಟ್ಟ ಎಸೆತಗಳನ್ನು ಬಿಟ್ಟು ಮೊದಲ ಬೇಸಿಗೆ ನಡೆದುಹೋದ. ಕಾಯಲು ಕಲಿತಿದ್ದ! ನಾನು ಎದ್ದು ನಿಂತೆ. ಅವನು ಎರಡನೇ ಬೇಸಿನತ್ತ ಓಡಿದ. ಕಾಮೆಂಟರಿಯವನು, "ಎಷ್ಟು ದೂರ ಇದ್ದಾಗಲೇ ಔಟು ನೋಡಿ, ಕಳೆದ ವರ್ಷದ ಆ ಕಾಲುಗಳು ಇವಲ್ಲ," ಎಂದು ಹೇಳಿ ಹವಾಮಾನದ ಮಾತಿಗೆ ಹೊರಟುಹೋದ.

ಕೆಸ್ಲರ್ ನನ್ನಲ್ಲೇ ಇದ್ದಿದ್ದರೆ ಆರನೆಯವಳಾಗುತ್ತಿದ್ದೆ. ಕೂಡಿಸಿ ನೋಡಿದ್ದೇನೆ, ಒಂದಲ್ಲ, ಹಲವು ಸಲ.

ಅಕ್ಟೋಬರ್‌ನ ಎರಡನೇ ಭಾನುವಾರ ಲೀಗ್‌ನ ಕೊನೆಯ ಸಭೆ. ಫೈರ್ ಹಾಲ್‌ನ ಹೊರಗೆ ಬೆಳಗಿನಿಂದ ದೊಡ್ಡ ಹಂಡೆಯಲ್ಲಿ ಊರಿಗೆಲ್ಲ ಬಡಿಸುವ ಬೂಯಾ ಸಾರು ಕುದಿಯುತ್ತಿತ್ತು. ಕೋಳಿ, ಎಲೆಕೋಸು, ಗಜ್ಜರಿಯ ವಾಸನೆ ಸರೋವರದ ಗಾಳಿಯಲ್ಲಿ ಹಾಲ್ ತುಂಬ ಬಂದಿತ್ತು. ರೋಲಿಯ ಅಳಿಯ ಟ್ರೆಂಟ್, ಸರದಿಯಲ್ಲಿ ಕಾಯುತ್ತಿದ್ದವನು, ಮನೆಯಿಂದ ಒಂದು ಮೆತ್ತೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ.

"ಏನಪ್ಪಾ ಟ್ರೆಂಟ್, ಹೆಣ ಇನ್ನೂ ಬಿಸಿ ಇದೆ, ಆಗ್ಲೇ ಹಾಸಿಗೆ ತಂದ್ಯಾ?" ಎಂದಳು ಬೆವ್.

"ಕುರ್ಚಿ ತಣ್ಣಗಿರುತ್ತೆ ಅಂತ ಮಾವ ಹೇಳಿದ್ರು," ಎಂದು ಅವನು ಕೆಂಪಾದ.

ಚಿನ್ನದ ಬಣ್ಣ ಬಳಿದ ಹಳೇ ಬಕೆಟ್ಟೇ ನಮ್ಮಲ್ಲಿ ಗೆದ್ದವರಿಗೆ ಕೊಡುವುದು. ಅದನ್ನು ರೋಲಿ ಚಿಕ್ಕಪ್ಪನ ಕೈಗಿಟ್ಟರು. ಮೂವತ್ತೆರಡು ವರ್ಷಕ್ಕೆ ಮೊದಲ ಸಲ. ಅವನು ಅದನ್ನು ಮಗುವಿನಂತೆ ಎದೆಗೊತ್ತಿಕೊಂಡು ನಿಂತ. ಸಭೆಯಲ್ಲಿ ಎಂದೂ ಮಾತಾಡದವನು ಮಾತಾಡಿದ.

"ಇದು ನನ್ನದಲ್ಲ. ನಿಮಗೆಲ್ಲ ಗೊತ್ತು. ಈ ಹುಡುಗಿ ಮಾರ್ಚ್‌ನಲ್ಲಿ ನನಗೆ ನಿಜ ಹೇಳಿದ್ಲು. ತನಗೆ ನಷ್ಟ ಅಂತ ಗೊತ್ತಿದ್ದೂ ಆ ಹುಡುಗನನ್ನ ತಾನಿಟ್ಕೊಂಡು ನನಗೆ ಕೆಸ್ಲರ್‌ನ ಕೊಟ್ಲು." ಟೋಪಿ ತೆಗೆದು, ಒಳಪಟ್ಟಿಯಿಂದ ಆ ಹಳೇ ಕಾಗದ ಎಳೆದು ಎತ್ತಿ ಹಿಡಿದ. "ನಲವತ್ತೊಂದು ಅಂದ್ಲು. ನಲವತ್ತೊಂದೇ ಆಯ್ತು. ನಮ್ಮಮ್ಮ ಎಲ್ಲೂ ಹೋಗಿಲ್ಲ."

ಎಲ್ಲರೂ ಮೇಜು ಗುದ್ದಿದರು. ರೋಲಿ ನನ್ನ ಕಡೆ ತಿರುಗಿದರು.

"ಕೊರಿನ್, ನಿಯಮ ನಿಯಮವೇ, ಕುರ್ಚಿ ಹೋಗುತ್ತೆ. ಅದಕ್ಕೆ ನಾವು ಏನೂ ಮಾಡೋಕಾಗಲ್ಲ. ಆದ್ರೆ ಪಟ್ಟಿ ಮಾತ್ರ ನೀನೇ ಮಾಡ್ಬೇಕು. ಎಲ್ಲರ ಒಪ್ಪಿಗೆ ಇದೆ. ಈ ಹಾಲ್‌ನಲ್ಲಿ ಸುಳ್ಳು ಹೇಳದ ಕಾಗದ ಅದೊಂದೇ."

"ಹೌದು ಕಣೇ," ಎಂದಳು ಬೆವ್. "ನಾವೆಲ್ಲ ಸುಳ್ಳರು. ನೀನೊಬ್ಳು ಸಾಕು."

ಬೇಡ ಎಂದು ಸುಮ್ಮನೆ ಹೇಳಿ ಹೊರಟುಬಿಡಬಹುದಿತ್ತು. ಆದರೆ ಬೋರ್ಡಿನ ಮೇಲೆ ಪಟ್ಟಿ ಚುಚ್ಚುತ್ತಿದ್ದ ಅಜ್ಜಿಯ ಬೆರಳು ಕಣ್ಣಿಗೆ ಬಂತು. ಇನ್ನು ಪ್ರತಿ ವರ್ಷ ಆ ಜಾಗದಲ್ಲಿ ನನ್ನ ಬೆರಳು.

"ಆ ಪಟ್ಟಿ ಸುಳ್ಳು," ಎಂದೆ.

"ಏನು?"

"ಬ್ರಿಟೊನ ನಾನು ಬರೆದಿದ್ದು ನಾಲ್ಕನೇದಾಗಿ. ನನಗೆ ಬೇಕು ಅಂತ ನಲವತ್ತೊಂದಕ್ಕೆ ಹಾಕ್ದೆ. ಚಿಕ್ಕಪ್ಪನಿಗೆ ಹೇಳಿದ್ದೆಲ್ಲ ಅವನನ್ನ ಕಿತ್ಕೊಳ್ಳೋಕೆ ಹೇಳಿದ್ದು."

ಬೆವ್ ನಕ್ಕಳು. ಅವಳ ಹಿಂದೆ ಇಡೀ ಹಾಲ್ ನಕ್ಕಿತು.

"ನೋಡ್ರೋ ನೋಡ್ರೋ, ಹೊಗಳಿಕೆ ತಡ್ಕೊಳ್ಳೋಕಾಗಲ್ಲ ಹುಡುಗಿಗೆ!"

"ಒಡೀಲಳದೂ ಇದೇ ಬುದ್ಧಿ, ಹೊಗಳಿದ್ರೆ ಬೈಯೋಳು," ಎಂದರು ರೋಲಿ ಕಣ್ಣೊರೆಸಿಕೊಳ್ಳುತ್ತ. "ನಾಲ್ಕನೇದಂತೆ! ಆ ಹುಡುಗನ್ನ! ಅಷ್ಟು ದಡ್ಡಿನಾ ನೀನು?"

ಅಷ್ಟು ದಡ್ಡಿಯೇ. ಅಂಕದ ಪುಸ್ತಕ ಎದುರಿಗೇ ಇತ್ತು. ನೀಲಿ ಪೆನ್ಸಿಲಿನ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟೆ. ನಗುತ್ತಿದ್ದವರು ಯಾರೂ ಅದನ್ನು ನೋಡಲಿಲ್ಲ. ಬೂಯಾ ಬಡಿಸಲು ಕರೆ ಬಂತು, ಕುರ್ಚಿಗಳು ಸರಿದವು, ಎಲ್ಲರೂ ಬಟ್ಟಲು ಹಿಡಿದು ಹೊರಗೆ ನಡೆದರು.

ಚಿಕ್ಕಪ್ಪ ನಕ್ಕಿರಲಿಲ್ಲ. ಬಕೆಟ್ಟನ್ನು ನೆಲಕ್ಕಿಟ್ಟು ಬಂದು ನನ್ನ ಎದುರು ನಿಂತ. ಟೋಪಿಯ ಕಾಗದವನ್ನು ನೀಲಿ ಹಾಳೆಯ ಪಕ್ಕದಲ್ಲಿ ಬಿಡಿಸಿಟ್ಟ. ಬೆರಳನ್ನು ಒಂದರ ಮೇಲೆ ನಾಲ್ಕಕ್ಕೆ, ಇನ್ನೊಂದರ ಮೇಲೆ ನಲವತ್ತೊಂದಕ್ಕೆ ತಂದು ನಿಲ್ಲಿಸಿದ.

"ಆಸ್ಪತ್ರೇಲಿ ಅಮ್ಮ ನಿನ್ನ ಹೆಸರು ಹೇಳ್ದಾಗ," ಎಂದ, ಕಾಗದವನ್ನೇ ನೋಡುತ್ತ, "ಕುರ್ಚಿ ಕೊರಿನ್‌ಗೆ ಅಂದಾಗ, ನನಗೆ ಒಂಚೂರೂ ಹೊಟ್ಟೆ ಉರೀಲಿಲ್ಲ."

"ಚಿಕ್ಕಪ್ಪ..."

"ಕೇಳಿದ್ರೆ ಹಾಗೇ ಕೊಡ್ತಿದ್ನಲ್ಲೇ. ಬದಲಿಗೆ ಏನೂ ಬೇಡ ಅಂತ ಕೊಡ್ತಿದ್ದೆ. ಅದು ನಮ್ಮಮ್ಮನ ಕುರ್ಚಿ."

ಟೋಪಿ ಹಾಕಿಕೊಂಡ. ಎರಡು ಕಾಗದಗಳನ್ನೂ ಮೇಜಿನ ಮೇಲೆಯೇ ಬಿಟ್ಟು ಕಾಫಿಯ ಪಾತ್ರೆಯ ಹತ್ತಿರ ಹೋದ. ಲೋಟಗಳ ಸಾಲಿಗೆ ಕೈ ಹಾಕಿದ. ಒಂದನ್ನು ತೆಗೆದುಕೊಂಡ, ತುಂಬಿಸಿದ, ಅದನ್ನು ಹಿಡಿದು ಬಾಗಿಲಾಚೆ ಉಳಿದವರ ಜೊತೆ ಸೇರಿಕೊಂಡ.

ಥಿನ್ನರ್ ಡಬ್ಬಿ ಕಿಟಕಿಯ ಕಟ್ಟೆಯ ಮೇಲಿತ್ತು, ಪಕ್ಕದಲ್ಲಿ ಹಳೇ ಬಟ್ಟೆ. ಕುರ್ಚಿಯನ್ನು ತಿರುಗಿಸಿ ಮಂಡಿಯೂರಿ ಕೂತೆ. ಕೊನೆಯಿಂದ ಶುರುಮಾಡಿದೆ, ಮೊದಲ ಅಕ್ಷರ ಮುಟ್ಟಲು ಧೈರ್ಯ ಸಾಲಲಿಲ್ಲ. ನೀಲಿ ಬಣ್ಣ ಕರಗಿ ಬೆರಳ ಸಂದಿಗೆ ಇಳಿಯಿತು, ವಾಸನೆಗೆ ಕಣ್ಣು ಉರಿಯಿತು. ಹೊರಗೆ ಬೆವ್ ಏನೋ ಹೇಳುತ್ತಿದ್ದಳು, ಎಲ್ಲರೂ ನಗುತ್ತಿದ್ದರು, ಆ ನಗುವಿನಲ್ಲಿ ಒಂದು ಧ್ವನಿ ಇರಲಿಲ್ಲ.

ಟ್ರೆಂಟ್ ಮೆತ್ತೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಳ್ಳೆಯವನೇ, ಅವನಿಗೇನೂ ಗೊತ್ತಿಲ್ಲ.

"ಮೊದಲನೇ ಅಕ್ಷರ ಇನ್ನೂ ಸ್ವಲ್ಪ ಕಾಣ್ತಿದೆ," ಎಂದ ಸಂಕೋಚದಿಂದ. "ಪರವಾಗಿಲ್ಲ ಬಿಡಿ, ಅದರ ಮೇಲೇ ಬರ್ಕೋತೀನಿ."

"ಬೇಡ," ಎಂದು ಬಟ್ಟೆಯನ್ನು ಮತ್ತೆ ಡಬ್ಬಿಯಲ್ಲಿ ಅದ್ದಿದೆ.